ಇಂಪ್ರೊವೈಸೇಶನ್ (ರ್ಯೋ ನೋಡಾ ಕೃತಿಗಳು)

ಇಂಪ್ರೊವೈಸೇಶನ್ ಎಂಬುದು ಜಪಾನಿನ ಸ್ಯಾಕ್ಸೋಫೋನ್ ವಾದಕ ಹಾಗೂ ಸಂಗೀತ ರಚನಕಾರ ರ್ಯೋ ನೋಡಾ (ಜನನ 1948) ಅವರು ಆಲ್ಟೊ ಸ್ಯಾಕ್ಸೋಫೋನಿನ ಏಕವಾದನಕ್ಕಾಗಿ ರಚಿಸಿದ ಮೂರು ಕಿರುಕೃತಿಗಳ ಹೆಸರು. ಇವುಗಳಲ್ಲಿ ಮೊದಲನೆಯದು 1972ರ ರಚನೆ. ಇವುಗಳನ್ನು ಪ್ಯಾರಿಸಿನ ಆಲ್ಫೋನ್ಸ್ ಲೆಡಕ್ ಸಂಸ್ಥೆಯು ಪ್ರಕಟಿಸಿದೆ. ಶೀರ್ಷಿಕೆಗೆ ‘ಮನೋಧರ್ಮದ ವಾದನ’ ಎಂಬ ಅರ್ಥವಿದ್ದರೂ ಇವು ಪೂರ್ಣವಾಗಿ ಬರೆದಿಟ್ಟ ಕೃತಿಗಳು. ವಾದಕನು ತನ್ನಿಚ್ಛೆಯಂತೆ ಸ್ವರಗಳನ್ನು ಸೇರಿಸುವಂತಿಲ್ಲ. ಅವನಿಗಿರುವ ಸ್ವಾತಂತ್ರ್ಯ ಕಾಲಕ್ಕೆ ಸಂಬಂಧಿಸಿದ್ದು.

ಹಿನ್ನೆಲೆ

ಈ ಕೃತಿಗಳ ನಾದದ ಮಾದರಿ ಶಾಕುಹಾಚಿ ಎಂಬ ಬಿದಿರಿನ ಕೊಳಲು. ಬಿದಿರಿನ ಬುಡದ ಭಾಗದಿಂದ ಮಾಡುವ ಈ ವಾದ್ಯಕ್ಕೆ ಮುಂಭಾಗದಲ್ಲಿ ನಾಲ್ಕು, ಹಿಂಭಾಗದಲ್ಲಿ ಒಂದು ರಂಧ್ರಗಳಿದ್ದು, ಪ್ರಮಾಣಿತ ಉದ್ದ ಸುಮಾರು 54.5 ಸೆಂ.ಮೀ. ಎಡೊ ಕಾಲದಲ್ಲಿ ಜೆನ್ ಬೌದ್ಧಧರ್ಮದ ಫುಕೆ ಪಂಥದ ಕೊಮುಸೊ ಸಂನ್ಯಾಸಿಗಳು ಮುಖವನ್ನು ಮುಚ್ಚುವ ಬುಟ್ಟಿಯಾಕಾರದ ಟೋಪಿ ಧರಿಸಿ, ಇದನ್ನು ನುಡಿಸುತ್ತ ಭಿಕ್ಷಾಟನೆ ಮಾಡುತ್ತಿದ್ದರು. ಅವರಿಗೆ ಇದು ಸಂಗೀತವಾದ್ಯವೆನ್ನುವುದಕ್ಕಿಂತ ಧ್ಯಾನದ ಸಾಧನವಾಗಿತ್ತು. ಕುಳಿತು ಮಾಡುವ ಧ್ಯಾನಕ್ಕೆ ಜಾಜೆನ್ ಎಂಬ ಹೆಸರಿರುವಂತೆ, ಊದುವ ಧ್ಯಾನಕ್ಕೆ ಸುಯ್‌ಜೆನ್ ಎಂಬ ಹೆಸರಿದೆ. 1871ರಲ್ಲಿ ಮೇಜಿ ಸರ್ಕಾರವು ಫುಕೆ ಪಂಥವನ್ನು ರದ್ದುಪಡಿಸಿತು. ಆದರೆ ಹೊನ್‌ಕ್ಯೊಕು ಎಂಬ ಅದರ ವಾದನ ಸಂಪ್ರದಾಯ ಗುರುಶಿಷ್ಯ ಪರಂಪರೆಯಲ್ಲಿ ಉಳಿದುಬಂದಿತು.

ನೋಡಾ ಅವರ ಶಿಕ್ಷಣ ಮಾತ್ರ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿಯೇ ನಡೆಯಿತು. ಒಸಾಕಾದ ನಂತರ ಅವರು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಹೆಮ್ಕೆ ಅವರಲ್ಲಿಯೂ, ಫ್ರಾನ್ಸಿನ ಬೋರ್ಡೋದಲ್ಲಿ ಜ್ಯಾನ್-ಮರೀ ಲೊಂಡೆಕ್ಸ್ ಅವರಲ್ಲಿಯೂ ಅಭ್ಯಾಸ ಮಾಡಿದರು.

ರಚನೆ ಮತ್ತು ವಾದನ ತಂತ್ರ

ಮೊದಲ ಕೃತಿಯಲ್ಲಿ ತಾಳವನ್ನು ಗುರುತಿಸುವ ಗೆರೆಗಳಿಲ್ಲ. ಸ್ವರಗಳ ಗುಂಪುಗಳು ನಿಧಾನವಾಗಿ ಆರಂಭವಾಗಿ ವೇಗ ಪಡೆದು ಮತ್ತೆ ಅಡಗುತ್ತವೆ. ಒಂದು ವಾಕ್ಯದ ಉದ್ದವನ್ನು ಮಾತ್ರೆಗಳ ಎಣಿಕೆಗಿಂತ ಹೆಚ್ಚಾಗಿ ಉಸಿರು ನಿರ್ಧರಿಸುತ್ತದೆ. ಎರಡು ವಾಕ್ಯಗಳ ನಡುವಿನ ಮೌನವೂ ರಚನೆಯ ಭಾಗವೇ ಆಗಿದೆ. ಜಪಾನಿ ಸೌಂದರ್ಯಮೀಮಾಂಸೆಯಲ್ಲಿ ಇಂತಹ ಅರ್ಥಪೂರ್ಣ ತೆರಪನ್ನು ‘ಮಾ’ ಎನ್ನುತ್ತಾರೆ. ಮೆಟ್ರೊನೋಮ್ ಇಟ್ಟುಕೊಂಡು ಅಭ್ಯಾಸ ಮಾಡಿದವರಿಗೆ ಸ್ವರಗಳು ಕೈಗೆ ಬರಬಹುದು, ಕೃತಿ ಕೈಗೆ ಬರುವುದಿಲ್ಲ.

ಕಠಿಣವಾದುದು ನಾದದ ಪ್ರಶ್ನೆ. ಶಾಕುಹಾಚಿ ವಾದಕನು ಗಲ್ಲವನ್ನು ತಗ್ಗಿಸಿ ಸ್ವರವನ್ನು ಇಳಿಸುತ್ತಾನೆ (ಮೆರಿ), ಎತ್ತಿ ಏರಿಸುತ್ತಾನೆ (ಕಾರಿ). ತಲೆಯನ್ನು ಅಲುಗಿಸಿ ಸ್ವರಕ್ಕೆ ಕಂಪನ ಕೊಡುತ್ತಾನೆ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನ್ ಇದಕ್ಕೆ ವಿರುದ್ಧ ಸ್ವಭಾವದ್ದು. ಪ್ರತಿ ಸ್ವರಕ್ಕೂ ನಿಶ್ಚಿತ ಕೀಲಿಯಿರುವ ಲೋಹದ ವಾದ್ಯ ಅದು. ಆದ್ದರಿಂದ ಇಲ್ಲಿ ವಾದಕನು ರೀಡಿನ ಮೇಲೆ ಕೆಳತುಟಿಯ ಒತ್ತಡವನ್ನೂ ದವಡೆಯ ಸ್ಥಾನವನ್ನೂ ಬದಲಿಸುತ್ತ ಸ್ವರವನ್ನು ಬಾಗಿಸಬೇಕಾಗುತ್ತದೆ. ಗಮಕವನ್ನು ಬಲ್ಲ ಕಿವಿಗೆ ಈ ಬಾಗು ಅಪರಿಚಿತವೆನಿಸದಿದ್ದರೂ ಇಲ್ಲಿ ಅದರ ಹಿಂದೆ ರಾಗದ ನಿಯಮವಿಲ್ಲ. ಶಾಕುಹಾಚಿಯ ರೀತಿಯಲ್ಲಿ ಸ್ವರವನ್ನು ಥಟ್ಟನೆ ಕಡಿದು ನಿಲ್ಲಿಸುವುದಕ್ಕೆ ನೋಡಾ ವಿಶೇಷ ಚಿಹ್ನೆಯನ್ನು ಬಳಸಿದ್ದಾರೆ.

ಈ ಕೃತಿಗಳು ಯಾವುದೇ ಹೊನ್‌ಕ್ಯೊಕುವಿನ ರೂಪಾಂತರಗಳಲ್ಲ, ಧಾರ್ಮಿಕ ವಿಧಿಗೆ ಸೇರಿದವೂ ಅಲ್ಲ. ಶಾಕುಹಾಚಿಯನ್ನು ಅನುಕರಿಸುವುದೇ ಗುರಿಯಾದರೆ ಶಾಕುಹಾಚಿಯನ್ನೇ ನುಡಿಸಬಹುದು ಎಂಬ ಆಕ್ಷೇಪ ಸಹಜ. ಆದರೆ ಸ್ಯಾಕ್ಸೋಫೋನಿನ ಗಟ್ಟಿ ಧ್ವನಿ ಮತ್ತು ವಿಸ್ತಾರ ಇಲ್ಲಿ ಮರೆಯಾಗುವುದಿಲ್ಲ. ಉಸಿರಿನ ಸದ್ದಿನಂಚಿನಲ್ಲಿರುವ ಮೃದುಸ್ವರದಿಂದ ಕರ್ಕಶ ಸ್ಫೋಟದವರೆಗಿನ ಜಿಗಿತಗಳಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ನಂತರದ ಕೃತಿ

ನೋಡಾ ಇದೇ ನಾದಭಾಷೆಯನ್ನು 1975ರ ‘ಮಾಯ್’ ಕೃತಿಯಲ್ಲಿ ಮುಂದುವರಿಸಿದರು. ಜಪಾನಿ ಭಾಷೆಯಲ್ಲಿ ಇದರ ಅರ್ಥ ನೃತ್ಯ. ಹಡಗಿನ ಮೇಲೆ ಕೊಳಲು ನುಡಿಸಿ ಸಮುದ್ರಕ್ಕೆ ಹಾರುವ ಯೋಧನ ಕಥೆ ಅದಕ್ಕೆ ಆಧಾರ. ಕಾಲುಸ್ವರಗಳು ಮತ್ತು ಏಕಕಾಲದಲ್ಲಿ ಹಲವು ಸ್ವರಗಳನ್ನು ಹೊಮ್ಮಿಸುವ ಮಲ್ಟಿಫೋನಿಕ್ ತಂತ್ರ ಅಲ್ಲಿ ಹೆಚ್ಚು ಬಳಕೆಯಾಗಿವೆ. ಇಂಪ್ರೊವೈಸೇಶನ್ ಮತ್ತು ಮಾಯ್ ಎರಡೂ ಶಾಸ್ತ್ರೀಯ ಸ್ಯಾಕ್ಸೋಫೋನ್ ವಿದ್ಯಾರ್ಥಿಗಳ ಕಛೇರಿಗಳಲ್ಲಿ ಇಂದಿಗೂ ಕೇಳಿಬರುತ್ತವೆ.