ಕಿರದಳ್ಳಿ ತಾಂಡಾದ ನೀರು, ಬೆಥೆಸ್ಡಾದ ಸೂಚಿ

ಸೈದಾಪುರದಿಂದ ಮಾತಾಡ್ತಾ ಇದ್ದೀನಿ. ಇವತ್ತಿನದು ಒಂದು ಹುಡುಕಾಟದ ಇತಿಹಾಸ. ಕಾಯಿಲೆ ಬಗ್ಗೆ ಏನಾದರೂ ತಿಳೀಬೇಕಂದ್ರೆ ನಾವು ಗೂಗಲ್‌ಗೆ ಹೋಗ್ತೀವಿ, ಯೂಟ್ಯೂಬ್‌ಗೆ ಹೋಗ್ತೀವಿ, ಇಲ್ಲಾಂದ್ರೆ ಮನೆಯವರ ವಾಟ್ಸಾಪ್ ಗ್ರೂಪಿಗೆ. ಡಾಕ್ಟರುಗಳು, ಸಂಶೋಧಕರು ಹೋಗುವ ಜಾಗ ಬೇರೆ ಇದೆ, ಪಬ್‌ಮೆಡ್ ಅಂತ. ಅಮೆರಿಕದ ಬೆಥೆಸ್ಡಾ ಊರಲ್ಲಿರುವ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸೋದು. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ನೀವು, ನಾನು ಯಾರು ಬೇಕಾದರೂ ಹುಡುಕಬಹುದು.

ಅದರೊಳಗೆ ನಮ್ಮ ಯಾದಗಿರಿ ಜಿಲ್ಲೆಯ ಒಂದು ಲೇಖನ ಇದೆ, 2013ರದು. ಸುರಪುರ ಸೀಮೆಯ ಕಿರದಳ್ಳಿ ತಾಂಡಾ ಬಗ್ಗೆ. ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರು ಬರೆದದ್ದು. ಹತ್ತಿರದಲ್ಲೇ ಮಂಗಳೂರಿನ ಹಳೇ ಚಿನ್ನದ ಗಣಿ. ಕರಾವಳಿಯ ಮಂಗಳೂರಲ್ಲ, ನಮ್ಮ ಕಡೆಯದು. ಅವರು 59 ಕೊಳವೆಬಾವಿಗಳ ನೀರು ಪರೀಕ್ಷಿಸಿದರು. ಶೇ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಯೇ ಈ 10. ಒಂದರಲ್ಲಂತೂ 303 ಇತ್ತು, ಅಂದ್ರೆ ಗೆರೆಯ ಮೂವತ್ತು ಪಟ್ಟು. 171 ಜನರ ಕೂದಲು, ಉಗುರು ತಗೊಂಡರು, ಎಲ್ಲದರಲ್ಲೂ ಆರ್ಸೆನಿಕ್ ಹೆಚ್ಚು. 181 ಜನರನ್ನ ಪರೀಕ್ಷಿಸಿದರೆ ಶೇ 58.6ರಷ್ಟು ಮಂದಿಗೆ ಆರ್ಸೆನಿಕ್‌ನ ಚರ್ಮರೋಗದ ಗುರುತು. ಅಂಗೈ ಅಂಗಾಲು ದಪ್ಪಗಾಗಿ ಗಂಟು ಕಟ್ಟೋದು, ಮೈಮೇಲೆ ಕಪ್ಪು ಬಿಳಿ ಚುಕ್ಕಿ ಬೀಳೋದು ಈ ರೋಗದ ಲಕ್ಷಣ. ವರ್ಷಗಟ್ಟಲೆ ಇಂಥ ನೀರು ಕುಡಿದರೆ ಕ್ಯಾನ್ಸರ್ ತನಕ ಹೋಗುತ್ತೆ.

ಸಾರಾಂಶದಲ್ಲಿ ಇನ್ನೊಂದು ವಿಷಯ ಇದೆ. ಕರ್ನಾಟಕದ ಈ ಭಾಗದಲ್ಲಿ ಇಷ್ಟು ಸ್ಪಷ್ಟವಾದ ಆರ್ಸೆನಿಕ್ ರೋಗವನ್ನ ವಿವರಿಸಿದ ಮೊದಮೊದಲ ವರದಿಗಳಲ್ಲಿ, ತಮಗೆ ತಿಳಿದಂತೆ, ಇದೂ ಒಂದು ಅಂತಾರೆ ಲೇಖಕರು.

ಅದೇ ನನಗೆ ಕೊರೆಯೋದು. ಯಾಕಂದ್ರೆ ಈ ರೋಗ ಹೊಸದಲ್ಲ. ಪಶ್ಚಿಮ ಬಂಗಾಳದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್‌ನಿಂದ ಬಂದ ಚರ್ಮರೋಗವನ್ನ ಕಲ್ಕತ್ತದ ಡಾ. ಕೆ.ಸಿ. ಸಾಹಾ 1983ರಲ್ಲೇ ಗುರುತಿಸಿದ್ದರು. ಆಮೇಲೆ ಬಂಗಾಳ, ಬಾಂಗ್ಲಾದೇಶದಿಂದ ರಾಶಿ ರಾಶಿ ಲೇಖನ ಬಂದವು, ಸೂಚಿಗೂ ಸೇರಿದವು. ಗೊತ್ತಿರುವ ವಿಷಯ ಕಿರದಳ್ಳಿ ತಲುಪೋಕೆ ಮೂವತ್ತು ವರ್ಷ ಹಿಡೀತು. ನಾನು ವೈದ್ಯರ ಮೇಲೆ ಗೂಬೆ ಕೂರಿಸ್ತಾ ಇಲ್ಲ. ಆ ಮೂವತ್ತು ವರ್ಷದಲ್ಲಿ ಹುಡುಕೋ ದಾರಿ ಯಾರ ಕೈಲಿತ್ತು, ಅದನ್ನ ನೋಡೋಣ.

1879ಕ್ಕೆ ಹೋಗೋಣ. ಜಾನ್ ಶಾ ಬಿಲ್ಲಿಂಗ್ಸ್ ಅಂತ ಅಮೆರಿಕದ ಸೈನ್ಯದ ಡಾಕ್ಟರು, ವಾಷಿಂಗ್ಟನ್‌ನಲ್ಲಿ ಸೈನ್ಯದ ವೈದ್ಯಕೀಯ ಗ್ರಂಥಾಲಯ ನೋಡ್ಕೊಳ್ತಿದ್ದರು. ಆ ವರ್ಷ 'ಇಂಡೆಕ್ಸ್ ಮೆಡಿಕಸ್' ಶುರು ಮಾಡಿದರು. ನಾನು ಬಿ.ಕಾಂ. ಓದಿದವನು, ನನಗೆ ಇದು ಹೀಗೆ ಕಾಣುತ್ತೆ: ಪ್ರಪಂಚದ ವೈದ್ಯಕೀಯ ಪತ್ರಿಕೆಗಳೆಲ್ಲ ರೋಜುಕೀರ್ದಿ ಇದ್ದಂಗೆ, ಬಂದದ್ದು ಬಂದ ದಿನಕ್ಕೆ ದಾಖಲು. ಬಿಲ್ಲಿಂಗ್ಸ್ ಮಾಡಿದ್ದು ಖಾತೆ ಪುಸ್ತಕ. ಕಾಲರಾ ಲೇಖನ ಎಲ್ಲೇ ಅಚ್ಚಾಗಿರಲಿ, ಕಾಲರಾ ಖಾತೆಗೆ ಬಂದು ಕೂರಬೇಕು. ದಿನಕ್ಕೆ ನೂರು ವೋಚರ್ ಬರೋ ಅಂಗಡಿಯಲ್ಲಿ ಖಾತೆ ಇಲ್ಲದಿದ್ರೆ ಯಾರು ಎಷ್ಟು ಬಾಕಿ ಅಂತ ಯಾರಿಗೂ ಗೊತ್ತಾಗಲ್ಲ, ಹಂಗೇ.

1964ರಲ್ಲಿ ಆ ಖಾತೆ ಕಂಪ್ಯೂಟರಿಗೆ ಹೋಯ್ತು, ಹೆಸರು ಮೆಡ್‌ಲಾರ್ಸ್. ಪ್ರಶ್ನೆ ಬರೆದು ಕಳಿಸಬೇಕು, ಉತ್ತರ ಬರೋಕೆ ವಾರಗಟ್ಟಲೆ ಕಾಯಬೇಕು. 1971ರಲ್ಲಿ ಮೆಡ್‌ಲೈನ್ ಬಂತು, ಫೋನ್ ತಂತಿ ಮೇಲೆ ನೇರ ಹುಡುಕಾಟ. ಆದರೆ ಅದಕ್ಕೆ ಶುಲ್ಕ ಇತ್ತು, ತರಬೇತಿ ಆದ ಗ್ರಂಥಪಾಲಕರು ಬೇಕಿತ್ತು. 1997ರ ಜೂನ್ 26ರಂದು ಅಮೆರಿಕದ ಉಪಾಧ್ಯಕ್ಷ ಅಲ್ ಗೋರ್ ಎಲ್ಲರೆದುರು ಪಬ್‌ಮೆಡ್‌ನಲ್ಲಿ ಹುಡುಕಿ ತೋರಿಸಿದರು. ಅಲ್ಲಿಂದ ಅದು ಎಲ್ಲರಿಗೂ ಬಿಟ್ಟಿ. ಅಚ್ಚಿನ ಇಂಡೆಕ್ಸ್ ಮೆಡಿಕಸ್ 2004ಕ್ಕೆ ನಿಂತೇ ಹೋಯ್ತು.

ಅಂದ್ರೆ ಬಂಗಾಳದಲ್ಲಿ ರೋಗ ಗುರುತಾದ ಮೇಲೂ ಹದಿನಾಲ್ಕು ವರ್ಷ, ನಮ್ಮ ಕಡೆಯ ಒಬ್ಬ ಡಾಕ್ಟರು ಮನಸ್ಸು ಮಾಡಿದರೂ ಕೂತಲ್ಲಿಂದ ಪುಕ್ಕಟೆ ಹುಡುಕೋ ಹಾಗಿರಲಿಲ್ಲ. 1997ರ ಮೇಲಾದರೂ ಇಂಟರ್‌ನೆಟ್ ಬೇಕಲ್ಲ. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ 'ಹೆಲಿನೆಟ್' ಶುರು ಮಾಡಿತು. ಕಾಲೇಜುಗಳು ಒಟ್ಟಾಗಿ ಪತ್ರಿಕೆಗಳಿಗೆ ದುಡ್ಡು ಕಟ್ಟಿ ಆನ್‌ಲೈನ್‌ನಲ್ಲಿ ಓದುವ ವ್ಯವಸ್ಥೆ. ಒಳ್ಳೇ ಕೆಲಸ. ಆದರೆ ಅದು ಕಾಲೇಜಿನವರಿಗೆ.

ಇನ್ನು ಹುಡುಕೋ ಪದ. ಖಾತೆಗೆ ಹೆಸರು ಬೇಕಲ್ಲ. 1960ರಲ್ಲಿ ಆ ಗ್ರಂಥಾಲಯ 'ಮೆಶ್' ಅನ್ನೋ ಪದಪಟ್ಟಿ ತಂತು. ನೀವು 'ಹಾರ್ಟ್ ಅಟ್ಯಾಕ್' ಅಂತ ಹಾಕಿದರೆ ಪಬ್‌ಮೆಡ್ ಒಳಗೊಳಗೇ 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಖಾತೆಯನ್ನೂ ತೆರೆದು ನೋಡುತ್ತೆ. ರೋಗಗಳ ಮಟ್ಟಿಗೆ ಜಾಣ. ಊರುಗಳ ಮಟ್ಟಿಗೆ ಅಷ್ಟಿಲ್ಲ. ನಮ್ಮ ಮಂಗಳೂರು ಹುಡುಕಿದರೆ ಕರಾವಳಿಯ ಮೆಡಿಕಲ್ ಕಾಲೇಜುಗಳೇ ಮೈಮೇಲೆ ಬೀಳ್ತವೆ. ಸುರಪುರವನ್ನ ಇಂಗ್ಲಿಷಲ್ಲಿ ಒಬ್ಬರು ಸುರಪುರ ಅಂತ ಬರೀತಾರೆ, ಇನ್ನೊಬ್ಬರು ಶೋರಾಪುರ ಅಂತ. ಯಾದಗಿರಿ ಜಿಲ್ಲೆ ಆಗೋಕೆ ಮುಂಚಿನ ಸಂಶೋಧನೆ ಬೇಕಂದ್ರೆ ಗುಲ್ಬರ್ಗ ಅಂತ ಹಾಕಬೇಕು. ಕಲಬುರಗಿ ಅಂದ್ರೂ ಸಾಲದು, ಆ ಹೆಸರು ಅಧಿಕೃತ ಆದದ್ದು 2014ರಲ್ಲಿ. ಕನ್ನಡ ಅಕ್ಷರದಲ್ಲಿ ಹಾಕಿದರಂತೂ ಏನೂ ಗಿಟ್ಟಲ್ಲ.

ಸರಿ, ಲೇಖನ ಸಿಕ್ತು ಅನ್ಕೊಳ್ಳಿ. ಅದನ್ನ ಎಷ್ಟು ನಂಬಬೇಕು? ಇದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ, ಬೆಳಗಾವಿ ಜಿಲ್ಲೆಯದು.

ಹೆರಿಗೆ ಆದ ಮೇಲಿನ ರಕ್ತಸ್ರಾವ ತಾಯಂದಿರ ಜೀವ ತೆಗೆಯುವ ದೊಡ್ಡ ಕಾರಣ. ಬೆಳಗಾವಿಯ ಹಳ್ಳಿಗಳಲ್ಲಿ ದಾದಿಯರು ಹೆರಿಗೆ ಮಾಡಿಸುವಾಗ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು ನೋಡಿದರು. 1,620 ತಾಯಂದಿರು. ಅರ್ಧ ಜನಕ್ಕೆ ಮಾತ್ರೆ, ಅರ್ಧ ಜನಕ್ಕೆ ನೋಡೋಕೆ ಹಂಗೇ ಇರುವ ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದಂಗೆ. ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳೀತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕೆ ಆ ಮಾತ್ರೆಯನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಉತ್ತರ ಕರ್ನಾಟಕದ ದಾದಿಯರ ಕೆಲಸ ರೀ ಇದು, ಇದರ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ.

ಅದೇ ಬೆಳಗಾವಿ ಇನ್ನೊಂದು ಪಾಠಕ್ಕೂ ಸಾಕ್ಷಿ. ಬ್ರಿಟನ್ನಿನ ಆರ್ಚಿ ಕಾಕ್ರೇನ್ ಅನ್ನೋ ವೈದ್ಯರು 1972ರ ಪುಸ್ತಕದಲ್ಲಿ, ಚಿಕಿತ್ಸೆಗಳನ್ನ ಇಂಥ ಪ್ರಯೋಗಗಳಿಂದ ಅಳೀಬೇಕು ಅಂತ ವಾದಿಸಿದ್ದರು. ಅವರ ಹೆಸರಲ್ಲಿ 1993ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಒಂದು ಪ್ರಶ್ನೆಗೆ ಸಂಬಂಧಪಟ್ಟ ಎಲ್ಲಾ ಪ್ರಯೋಗ ಕೂಡಿಸಿ ತೂಗುವುದು ಅದರ ಕೆಲಸ. ಅದರ ಲಾಂಛನದಲ್ಲೇ ಏಳು ಪ್ರಯೋಗಗಳ ಲೆಕ್ಕ ಇದೆ: ದಿನ ತುಂಬುವ ಮುಂಚೆ ಹೆರಿಗೆ ಆಗೋ ತಾಯಿಗೆ ಸ್ಟೀರಾಯ್ಡ್ ಕೊಟ್ಟರೆ ಕೂಸು ಉಳಿಯುತ್ತೆ ಅಂತ. ಆಸ್ಪತ್ರೆಗಳಲ್ಲಿ ಸಾಬೀತಾದ ಮಾತು. ಅದನ್ನೇ ಬೆಳಗಾವಿ, ನಾಗಪುರ ಸೇರಿ ಆರು ದೇಶಗಳ ಹಳ್ಳಿ ಮಟ್ಟಕ್ಕೆ ತಂದು ನೋಡಿದರು. 2015ರ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ತಿರುವುಮುರುವು: ಸ್ಟೀರಾಯ್ಡ್ ಯೋಜನೆ ನಡೆದ ಕಡೆ ಒಟ್ಟಾರೆ ನವಜಾತ ಶಿಶುಗಳ ಸಾವು ಹೆಚ್ಚಿತ್ತು. 2020ರಲ್ಲಿ ಭಾರತವೂ ಸೇರಿ ಐದು ದೇಶಗಳ ಸುಸಜ್ಜಿತ ಆಸ್ಪತ್ರೆಗಳಲ್ಲಿ ನೋಡಿದಾಗ ಮತ್ತೆ ಲಾಭವೇ ಕಾಣಿಸಿತು. ಹಾಗಾಗಿ ಲೇಖನ ಸಿಕ್ಕಾಗ ನಾನು ಮೊದಲು ನೋಡೋದು ಎಲ್ಲಿ ಮಾಡಿದ್ದು, ಯಾರ ಮೇಲೆ ಮಾಡಿದ್ದು ಅಂತ.

ಕಾಕ್ರೇನ್ ಲೈಬ್ರರಿಗೆ 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದುಡ್ಡು ಕಟ್ಟಿ ಇಡೀ ದೇಶಕ್ಕೆ ತೆರೆಸಿತು. 2025ರ ಜನವರಿಯಿಂದ 'ಒಂದು ದೇಶ ಒಂದು ಚಂದಾ' ಬಂದಿದೆ, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಅದು ಸರ್ಕಾರಿ ಉನ್ನತ ಶಿಕ್ಷಣ, ಸಂಶೋಧನಾ ಸಂಸ್ಥೆಗಳಿಗೆ. ತಾಂಡಾದ ಹುಡುಗನ ಮೊಬೈಲಿಗೆ ಅಲ್ಲ. ನಮ್ಮ ತೆರಿಗೆ ದುಡ್ಡಲ್ವಾ ಅಂತ ಕೇಳಬೇಕನ್ಸುತ್ತೆ.

ಆದರೂ ಸಾರಾಂಶ ಎಲ್ಲರಿಗೂ ಸಿಗುತ್ತೆ, ಕಿರದಳ್ಳಿಯ ಸಂಖ್ಯೆ ನಾನು ಹೇಳಿದ್ದೆಲ್ಲ ಅದರಲ್ಲೇ ಇವೆ. ಪಬ್‌ಮೆಡ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ 'ಆರ್ಸೆನಿಕ್' ಮತ್ತು 'ಮಂಗಳೂರ್ ಗ್ರೀನ್‌ಸ್ಟೋನ್ ಬೆಲ್ಟ್' ಎರಡನ್ನೂ ಒಟ್ಟಿಗೆ ಹಾಕಿ. ಲೇಖನದ ಕೆಳಗೆ ಪಿಎಂಐಡಿ ಅಂತ ಒಂದು ನಂಬರ್ ಇರುತ್ತೆ, ಖಾತೆ ನಂಬರ್ ಇದ್ದಂಗೆ. ಗಣಿ ಕಡೆಯ ಊರಿನವರು, ಅಂಗೈ ಗಂಟು ಕಟ್ಟಿದವರು ನಿಮ್ಮ ಮನೇಲಿದ್ರೆ, ಆ ನಂಬರ್ ಬರ್ಕೊಂಡು ಡಾಕ್ಟರ್ ಹತ್ರ ಹೋಗ್ರಿ. ಜೊತೆಗೆ ಕುಡಿಯೋ ನೀರು ಎಲ್ಲಿಂದ ತರ್ತೀರಿ, ಎಷ್ಟು ವರ್ಷದಿಂದ ತರ್ತೀರಿ ಅಂತಾನೂ ಹೇಳ್ರಿ.