ಅರೆಚಿಪ್ಪಿನ ಬಸವನಹುಳು

ಚಿಪ್ಪಿದ್ದರೂ ಅದರೊಳಗೆ ಮೈಯನ್ನು ಪೂರ್ತಿ ಸೆಳೆದುಕೊಳ್ಳಲಾಗದ ನೆಲವಾಸಿ ಮೃದ್ವಂಗಿ. ಪಶ್ಚಿಮ ಘಟ್ಟದಲ್ಲಿ ಇದರ ಸ್ಪಷ್ಟ ಪ್ರತಿನಿಧಿ, ಗ್ರೇ 1855ರಲ್ಲಿ ವರ್ಣಿಸಿದ ಮರಿಯೆಲ್ಲಾ ಡುಸ್ಸುಮಿಯೇರಿ. ಇದರ ಬೆನ್ನಿನ ತೆಳುಚಿಪ್ಪಿನ ಮೇಲೆ ಚರ್ಮದ ಮಡಿಕೆಗಳು ಹಬ್ಬಿರುತ್ತವೆ. ಬಲಮಗ್ಗುಲಲ್ಲಿ ಉಸಿರಿನ ರಂಧ್ರವೊಂದು ತೆರೆದು ಮುಚ್ಚುತ್ತಿರುತ್ತದೆ. ಬೆನ್ಸನ್ 1850ರಲ್ಲಿ ಹೆಸರಿಟ್ಟ, ಘಟ್ಟಕ್ಕೇ ಸೀಮಿತವಾದ ಇಂಡ್ರೆಲ್ಲಾ ಆಂಪುಲ್ಲಾ ಕೂಡ ಇದಕ್ಕೆ ಹತ್ತಿರದ್ದೇ.

ಇದನ್ನು ಚಿಪ್ಪು ಕಳೆದುಕೊಳ್ಳುವ ದಾರಿಯಲ್ಲಿ ಅರ್ಧಕ್ಕೆ ನಿಂತ ಜೀವಿ ಎನ್ನುವುದುಂಟು. ಆ ಮಾತು ಸರಿಯಲ್ಲ. ಚಿಪ್ಪು ಕುಗ್ಗುವುದು ಸಂಬಂಧವಿಲ್ಲದ ಹಲವು ಕುಟುಂಬಗಳಲ್ಲಿ ಬೇರೆಬೇರೆಯಾಗಿ ನಡೆದಿದೆ. ಅಂದಮೇಲೆ ಅದರಲ್ಲಿ ಲಾಭವಿರಲೇಬೇಕು. ಚಿಪ್ಪು ಕಟ್ಟಲು ಸುಣ್ಣ ಬೇಕು, ಜಡಿಮಳೆ ಮಣ್ಣಿನ ಸುಣ್ಣವನ್ನು ತೊಳೆದೊಯ್ಯುತ್ತದೆ. ಚಿಪ್ಪಿನ ಮುಖ್ಯ ಉಪಕಾರವೆಂದರೆ ಮೈ ಒಣಗದಂತೆ ಕಾಯುವುದು. ಗಾಳಿಯೇ ತೇವವಾಗಿರುವಲ್ಲಿ ಆ ಕಾವಲು ಅಷ್ಟಾಗಿ ಬೇಕಿಲ್ಲ. ಚಿಪ್ಪು ಚಿಕ್ಕದಾದಷ್ಟೂ ತೊಗಟೆಯ ಸಂದಿಗೆ ನುಸುಳುವುದು ಸುಲಭ. ಹಾಸನ ಜಿಲ್ಲೆಯ ನೆಲವೇ ಈ ಲೆಕ್ಕವನ್ನು ತೋರಿಸುತ್ತದೆ. ಸಕಲೇಶಪುರ, ಬಿಸಿಲೆ ಕಡೆ ವರ್ಷಕ್ಕೆ 2000 ಮಿ.ಮೀ. ಮೀರಿ ಮಳೆ, ಅರಕಲಗೂಡು ಅರೆಮಲೆನಾಡು, ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣ ತಲುಪುವಾಗ ಮಳೆ ಸುಮಾರು 700 ಮಿ.ಮೀ.ಗೆ ಇಳಿದಿರುತ್ತದೆ. ಇಂಥ ಬಯಲುಸೀಮೆಯ ಬೇಸಿಗೆಯನ್ನು ದಾಟಲು ಚಿಪ್ಪಿನೊಳಗೆ ಸೇರಿ, ಬಾಯಿಗೆ ಒಣಲೋಳೆಯ ಪರದೆ ಕಟ್ಟಿಕೊಳ್ಳಬೇಕು. ಅರೆಚಿಪ್ಪಿನ ಹುಳುವಿಗೆ ಅದು ಆಗದ ಕೆಲಸ.

ಹಾಗಾದರೆ ಕೇರಳದ ರಬ್ಬರ್ ತೋಟಗಳಲ್ಲಿ ಮರಿಯೆಲ್ಲಾ ಹಾಲು ಕುಡಿಯುವ ಪೀಡೆಯಾದದ್ದು ಹೇಗೆ ಎಂದು ಕೇಳಬಹುದು. ಅಲ್ಲಿಯೂ ನೆರಳು, ತರಗೆಲೆ, ಮುಂಗಾರಿನ ತೇವ ಇವೆ; ಅದಕ್ಕೆ ಬೇಕಾದದ್ದು ಕಾಡೆಂಬ ಹೆಸರಲ್ಲ, ಕಾಡಿನ ತಂಪು. ಇನ್ನೊಂದು ಆಕ್ಷೇಪ ತೂಕದ್ದು: ದೊಡ್ಡ ಚಿಪ್ಪಿನ ಆಫ್ರಿಕನ್ ಬಸವನಹುಳು ಮಳೆಯ ಸೀಮೆಯಲ್ಲೂ ಹುಲುಸಾಗಿ ಬೆಳೆಯುತ್ತದಲ್ಲ? ಅದನ್ನು 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದವನೂ ಇದೇ ಬೆನ್ಸನ್. ಆದರೆ ಅದು ಮನುಷ್ಯನ ಬೆನ್ನು ಹತ್ತಿ ಹರಡಿದ ಹುಳು. ತಿಂಗಳುಗಟ್ಟಲೆ ಬರವನ್ನು ಚಿಪ್ಪಿನೊಳಗೇ ಕಳೆಯಬಲ್ಲದು, ತೋಟಕ್ಕೆ ಎರಚಿದ ಸುಣ್ಣವೂ ಅದಕ್ಕೆ ಒದಗುತ್ತದೆ. ದೊಡ್ಡ ಚಿಪ್ಪಿನಿಂದಲೂ ಮಳೆನಾಡಿನಲ್ಲಿ ಬದುಕಬಹುದು ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಚಿಕ್ಕ ಚಿಪ್ಪು ಕೊರತೆಯೆಂದು ಸಿದ್ಧವಾಗುವುದಿಲ್ಲ.

ಆಫ್ರಿಕನ್ ಹುಳುವಿಗೆಂದು ಚೆಲ್ಲುವ ಮೆಟಾಲ್ಡಿಹೈಡ್ ಗುಳಿಗೆಗೆ ಊರಹುಳು, ಪರಹುಳು ಎಂಬ ಭೇದ ತಿಳಿಯದು. ಕಾಡಂಚಿನ ತೋಟದವರು ಒದ್ದೆ ಗೋಣಿಚೀಲ ಹಾಸಿ, ಅದರಡಿ ಸೇರಿದ ದೊಡ್ಡ ಹುಳುಗಳನ್ನಷ್ಟೇ ಕೈಯಿಂದ ಆರಿಸಿ ತೆಗೆಯಲಿ. ಬೆನ್ನ ಮೇಲೆ ಚಿಪ್ಪಿನ ಚೂರಷ್ಟೇ ಇರುವುದನ್ನು ತರಗೆಲೆಗೆ ಮರಳಿ ಬಿಡಲಿ.