‘ಇಲ್ಲ’ ಎಂದವರ ಲೆಕ್ಕ

ಬ್ರಿಟನ್ನಿನ ಜನಸಂಖ್ಯಾ ರಾಯಲ್ ಕಮಿಷನ್‌ಗಾಗಿ ಲೂಯಿಸ್-ಫ್ಯಾನಿಂಗ್ ಸಿದ್ಧಪಡಿಸಿದ 1949ರ ವರದಿಯ ಒಂದು ಅಂಕಿ ಇಂದಿಗೂ ಸವೆದಿಲ್ಲ. 1910ಕ್ಕೆ ಮೊದಲು ಮದುವೆಯಾದ ಹೆಂಗಸರಲ್ಲಿ ಗರ್ಭನಿರೋಧದ ಯಾವುದಾದರೊಂದು ಕ್ರಮ ಅನುಸರಿಸಿದ್ದಾಗಿ ಒಪ್ಪಿಕೊಂಡವರು ಶೇ. 15 ಮಾತ್ರ. ಉಳಿದವರಿಗೆ, ಅದರಲ್ಲೂ ಕೂಲಿಕಾರರ ಹೆಂಡಿರಿಗೆ, ಏನೂ ತಿಳಿದಿರಲಿಲ್ಲ ಎಂಬ ತೀರ್ಮಾನ ಈ ಅಂಕಿಯ ಬೆನ್ನಿಗೇ ಬಂತು. ಅಂಕಿ ವರದಿಯದು, ತೀರ್ಮಾನ ಅದನ್ನು ಅವಸರದಲ್ಲಿ ಓದಿದವರದು.

ಅದೇ ಕಮಿಷನ್ನಿನ ಇನ್ನೊಂದು ಲೆಕ್ಕವನ್ನು ಪಕ್ಕದಲ್ಲಿಟ್ಟರೆ ಈ ಓದು ನಿಲ್ಲುವುದಿಲ್ಲ. ವಿಕ್ಟೋರಿಯಾ ಕಾಲದ ನಡುಭಾಗದಲ್ಲಿ ಒಂದು ದಾಂಪತ್ಯಕ್ಕೆ ಸರಾಸರಿ 5.5ರಿಂದ 6 ಮಕ್ಕಳು. 1900ರಿಂದ 1909ರೊಳಗೆ ಮದುವೆಯಾದವರಿಗೆ 3.4ರ ಆಸುಪಾಸು. ಗಣಿ ಕೆಲಸಗಾರರ ಮನೆಗಳಲ್ಲಿ ಇಳಿಕೆ ತಡವಾಯಿತು, ನಿಜ. ಜವಳಿ ಗಿರಣಿಯವರ ಮನೆಗಳಲ್ಲಿ ಹಾಗಾಗಲಿಲ್ಲ. ನೂರಕ್ಕೆ ಹದಿನೈದು ಮಂದಿಯಿಂದಲೇ ಇಷ್ಟು ದೊಡ್ಡ ಇಳಿಕೆ ಆಯಿತೆಂದರೆ ನಂಬುವುದು ಕಷ್ಟ.

ತೊಡಕಿರುವುದು ಗರ್ಭನಿರೋಧಕ್ಕೆ ಬಳಸುವ ‘ಬರ್ತ್ ಕಂಟ್ರೋಲ್’ ಎಂಬ ಮಾತಿನಲ್ಲಿ. ಅದು ಚಲಾವಣೆಗೆ ಬಂದದ್ದೇ 20ನೇ ಶತಮಾನದಲ್ಲಿ, ಮತ್ತು ಕಿವಿಗೆ ಬಿದ್ದೊಡನೆ ರಬ್ಬರ್, ಸ್ಪಂಜು, 1921ರಲ್ಲಿ ಲಂಡನ್ನಿನ ಹಾಲೊವೇಯಲ್ಲಿ ಮೇರಿ ಸ್ಟೋಪ್ಸ್ ತೆರೆದ ಗರ್ಭನಿರೋಧ ಕ್ಲಿನಿಕ್ಕಿನಂಥವು ಕಣ್ಮುಂದೆ ಬರುತ್ತಿದ್ದವು. ಗಂಡ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವುದಕ್ಕೆ ಆ ಹೆಸರು ಯಾರೂ ಇಟ್ಟಿರಲಿಲ್ಲ. ಅದು ಬರೀ ‘ಹುಷಾರಾಗಿರುವುದು’. ಲಿವರ್‌ಪೂಲಿನಲ್ಲಿ ಅದಕ್ಕೆ ‘ಎಜ್ ಹಿಲ್‌ನಲ್ಲಿ ಇಳಿಯುವುದು’ ಎನ್ನುತ್ತಿದ್ದರು. ರೈಲಿಗೆ ಲೈಮ್ ಸ್ಟ್ರೀಟ್ ಕೊನೆಯ ನಿಲ್ದಾಣ, ಅದಕ್ಕೆ ಒಂದು ನಿಲ್ದಾಣ ಹಿಂದಿನದು ಎಜ್ ಹಿಲ್. ಎಡಿನ್‌ಬರೋದವರಿಗೆ ಹೇಮಾರ್ಕೆಟ್ ಇತ್ತು. ಹೀಗೆ ತಮಾಷೆಯ ಮಾತಾಗಿಬಿಟ್ಟ ವಿಷಯ ಜನಕ್ಕೆ ಗೊತ್ತಿರಲಿಲ್ಲವೆಂದು ಹೇಳುವುದು ಹೇಗೆ? ಇಂಥ ಮನೆಯ ಹೆಂಗಸು ‘ನಾವೇನೂ ಬಳಸಲಿಲ್ಲ’ ಎಂದಿದ್ದರೆ ಅವಳು ಸುಳ್ಳು ಹೇಳಿರಲಿಲ್ಲ. ಬಳಸುವಂಥ ವಸ್ತುವೇ ಅಲ್ಲಿರಲಿಲ್ಲ.

ಸಲಹೆ ಕೇಳಿ ಸ್ಟೋಪ್ಸ್‌ಗೆ ಬಂದ ಸಾವಿರಾರು ಪತ್ರಗಳನ್ನು ಅಜ್ಞಾನದ ಸಾಕ್ಷಿಯೆಂದು ಮುಂದಿಡುವವರೂ ಇದ್ದಾರೆ. ಅವುಗಳಲ್ಲಿ ಕೆಲವನ್ನು ಆಕೆಯೇ 1929ರಲ್ಲಿ ‘ಮದರ್ ಇಂಗ್ಲೆಂಡ್’ ಎಂಬ ಪುಸ್ತಕವಾಗಿ ಪ್ರಕಟಿಸಿದಳು. ಪರಿಚಯವಿಲ್ಲದ ದೊಡ್ಡವರ ಮುಂದೆ ನೆರವು ಕೇಳುವವರು ‘ನನಗೇನೂ ತಿಳಿಯದು’ ಎಂದೇ ಶುರುಮಾಡುತ್ತಾರೆ. ಅದು ಅರ್ಜಿಯ ಭಾಷೆ, ಜನಗಣತಿಯ ಉತ್ತರವಲ್ಲ.

ಈ ಗೊಂದಲವನ್ನು ಚೆನ್ನಾಗಿ ಬಿಡಿಸಿದ್ದು ಇತಿಹಾಸಕಾರ್ತಿ ಕೇಟ್ ಫಿಷರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ. ದಕ್ಷಿಣ ವೇಲ್ಸ್, ಬ್ಲ್ಯಾಕ್‌ಬರ್ನ್ ಮುಂತಾದೆಡೆಯ ಮುದುಕ ಮುದುಕಿಯರನ್ನು ಮಾತಾಡಿಸಿ ಅವರು ತೋರಿಸಿದ್ದಿಷ್ಟು: ಈ ವಿಷಯದ ಹೊಣೆ ಬಹುಪಾಲು ಗಂಡಂದಿರದು, ಗೊತ್ತಿಲ್ಲ ಎನ್ನುವುದು ಮರ್ಯಾದಸ್ಥ ಹೆಂಗಸಿನ ಲಕ್ಷಣ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಫಿಷರ್ ಅವರ ಸಾರಾಂಶವನ್ನಷ್ಟೇ ಉದ್ಧರಿಸಿ ಅರಿವನ್ನೆಲ್ಲ ಗಂಡಸರ ಕೈಗೆ ಒಪ್ಪಿಸುವವರು ಶೆಫೀಲ್ಡಿಗೊಮ್ಮೆ ಹೋಗಿ ಬರಬೇಕು.

ಶೆಫೀಲ್ಡಿನಲ್ಲಿ 19ನೇ ಶತಮಾನದ ಕೊನೆಗೆ ಸೀಸದ ಕೊಳವೆಗಳಿಂದ ಕುಡಿಯುವ ನೀರೇ ವಿಷವಾಯಿತು. ಆಗ ಬಸುರಿಯರಿಗೆ ಗರ್ಭ ಇಳಿದದ್ದನ್ನು ನೆರೆಕರೆಯ ಹೆಂಗಸರು ಗಮನಿಸಿದರು. ಗಾಯಕ್ಕೆ ಹಚ್ಚುವ ಡಯಾಕಿಲಾನ್ ಎಂಬ ಪಟ್ಟಿಮದ್ದಿನಲ್ಲಿಯೂ ಸೀಸವಿತ್ತು, ಔಷಧದಂಗಡಿಯಲ್ಲಿ ಅಗ್ಗವಾಗಿ ಸಿಗುತ್ತಿತ್ತು. ಅದನ್ನು ಗುಳಿಗೆಯಾಗಿ ಉಂಡೆಕಟ್ಟಿ ನುಂಗುವುದು ಶುರುವಾಯಿತು. ಅದೇ ಊರಿನ ವೈದ್ಯ ಆರ್ಥರ್ ಹಾಲ್ 1905ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಬಗ್ಗೆ ಎಚ್ಚರಿಸಿದರು. ವಸಡಿನ ಮೇಲೆ ನೀಲಿ ಗೆರೆ, ಹೊಟ್ಟೆ ಹಿಂಡುವ ನೋವು, ಕೆಲವರಿಗೆ ಸಾವು. ಪತ್ರಿಕೆಯ ಜಾಹೀರಾತಿಲ್ಲದೆ ಈ ವಿದ್ಯೆ ಹೆಂಗಸಿನಿಂದ ಹೆಂಗಸಿಗೆ ದಾಟಿ ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮಿನವರೆಗೂ ಹೋಯಿತು. ನುಂಗಿದವರಲ್ಲಿ ಹೆಚ್ಚಿನವರು ಮಕ್ಕಳೊಂದಿಗರಾದ ಮುತ್ತೈದೆಯರು.

ಇದು ಗರ್ಭಪಾತ, ಗರ್ಭನಿರೋಧವಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ಗೆರೆ ಕಾನೂನಿನದು. ಎಷ್ಟೋ ಹೆಂಗಸರ ಪಾಲಿಗೆ ಅದು ನಿಂತ ಮುಟ್ಟನ್ನು ತರಿಸಿಕೊಳ್ಳುವುದಷ್ಟೇ ಆಗಿತ್ತು, ಹುಷಾರಾಗಿರದ ಗಂಡನ ತಪ್ಪಿಗೆ ಪರಿಹಾರ. ಇತಿಹಾಸಕಾರ್ತಿ ಪ್ಯಾಟ್ರಿಷಿಯಾ ನೈಟ್ 1977ರಲ್ಲಿಯೇ ಈ ಸಾಮಗ್ರಿಯತ್ತ ಬೆರಳು ಮಾಡಿದ್ದರು. ಗರ್ಭನಿರೋಧದ ಚರಿತ್ರೆ ಬರೆಯುವವರು ಅದನ್ನು ಗರ್ಭಪಾತದ ಅಧ್ಯಾಯಕ್ಕೆ ತಳ್ಳಿ ಮುಂದೆ ಹೋದರೆ ಶೇ. 15ರ ಲೆಕ್ಕ ಎಂದಿಗೂ ತಾಳೆಯಾಗದು.

ಏನೂ ತಿಳಿಯದವರೆಂದು ಬರೆಸಿಕೊಂಡ ಈ ಹೆಂಗಸರ ಮದ್ದಿಗೆ ಸರ್ಕಾರ ಕಡೆಗೂ ಕಡಿವಾಣ ಹಾಕಬೇಕಾಯಿತು. 1917ರಲ್ಲಿ ಡಯಾಕಿಲಾನ್ ವಿಷಗಳ ಪಟ್ಟಿಗೆ ಸೇರಿತು.